ವಿಶ್ವವಿದ್ಯಾಲಯದ ಸಾರ್ವಜನಿಕ ಉಪನ್ಯಾಸದಲ್ಲಿ ಊರಿನವರು ಕನ್ನಡದಲ್ಲಿ ಪ್ರಶ್ನೆ ಕೇಳಲು ಎಂತ ದಾರಿ?

ಗೇರುಗುಡ್ಡೆ, ಪೆರ್ಲ

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಒಂದು ಗ್ರಂಥಾಲಯದಲ್ಲಿ ನಾನು ಲೈಬ್ರೇರಿಯನ್. ಸಂಜೆ ಹೊತ್ತು ಮಾತ್ರ ಬಾಗಿಲು ತೆರೆಯುವ ಸಣ್ಣ ಲೈಬ್ರರಿ. ಮನೆಯಲ್ಲಿ ತುಳು, ಬ್ಯಾರಿ, ಹವ್ಯಕ, ಮರಾಟಿ ಮಾತಾಡುವವರೆಲ್ಲ ಇಲ್ಲಿ ಒಂದೇ ಬೆಂಚಿನಲ್ಲಿ ಕೂತು ಕನ್ನಡ ಪೇಪರು ಓದುತ್ತಾರೆ.

ನನ್ನ ಪ್ರಶ್ನೆ ಇಷ್ಟು. ವಿಶ್ವವಿದ್ಯಾಲಯಗಳಲ್ಲಿ ರಾಜಕೀಯ, ಸಾಮಾಜಿಕ ನ್ಯಾಯ, ದೇಶವಿದೇಶದ ವಿಚಾರ ಎಂದೆಲ್ಲ ಉಪನ್ಯಾಸ ನಡೆಯುತ್ತದಲ್ಲ, ಪೋಸ್ಟರಿನಲ್ಲಿ 'ಸಾರ್ವಜನಿಕರಿಗೆ ಮುಕ್ತ ಪ್ರವೇಶ' ಎಂದು ಹಾಕಿರುತ್ತಾರೆ. ಅಲ್ಲಿ ನಮ್ಮಂಥವರು ಕನ್ನಡದಲ್ಲಿ ಪ್ರಶ್ನೆ ಕೇಳಬೇಕಿದ್ದರೆ ಮೊದಲೇ ಯಾರಿಗೆ ಹೇಳಬೇಕು? ಆ ಉಪನ್ಯಾಸಕರನ್ನೇ ಒಂದು ಸಂಜೆ ನಮ್ಮ ಲೈಬ್ರರಿಗೆ ಕರೆಸಲಿಕ್ಕೆ ಆಗುತ್ತದಾ? ಬಂದರೆ ಅನುವಾದದ ಕ್ರಮ ಹೇಗೆ? ಮಾಡಿ ಗೊತ್ತಿದ್ದವರು ದಯವಿಟ್ಟು ಹೇಳಿ.

ಕೇಳಲು ಕಾರಣ ಉಂಟು. ಕಳೆದ ಮಳೆಗಾಲ ಮುಗಿದ ಮೇಲೆ ಜಿಲ್ಲೆಯ ಹೊರಗಿನ ಒಂದು ವಿಶ್ವವಿದ್ಯಾಲಯದಲ್ಲಿ ಕೀಟನಾಶಕಗಳು ಮತ್ತು ಅಂತರರಾಷ್ಟ್ರೀಯ ಒಪ್ಪಂದಗಳ ಬಗ್ಗೆ ಉಪನ್ಯಾಸ ಇತ್ತು. ನಾನೂ ನಮ್ಮ ಲೈಬ್ರರಿಗೆ ದಿನಾ ಬರುವ ಒಬ್ಬರು ಅಜ್ಜನೂ ಬೆಳಗ್ಗಿನ ರೈಲು ಹಿಡಿದು ಹೋದೆವು. ಅಜ್ಜ ಪ್ರಾಯದಲ್ಲಿ ಗೇರು ತೋಟದಲ್ಲಿ ಕೆಲಸಕ್ಕಿದ್ದವರು. ಹೆಲಿಕಾಪ್ಟರ್ ಬರುವ ದಿನ ಎಂಡೋಸಲ್ಫಾನ್ ಎಂಬ ಕೀಟನಾಶಕದ ಮದ್ದು ನೀರಿಗೆ ಬೆರೆಸಿ ತುಂಬಿಸಿ ಕೊಡುತ್ತಿದ್ದವರು. ಕೈಗೆ ಗವಸು ಇಲ್ಲ, ಮೂಗಿಗೆ ಹೆಗಲ ಮೇಲಿನ ಬೈರಾಸೇ ಕಟ್ಟಿಕೊಳ್ಳುತ್ತಿದ್ದೆವು ಎಂದು ಈಗಲೂ ಹೇಳುತ್ತಾರೆ.

ಉಪನ್ಯಾಸ ನಿಜವಾಗಿ ಚೆನ್ನಾಗಿತ್ತು. ಪರದೆಯ ಮೇಲೆ ನಮ್ಮ ಪಡ್ರೆ ಗ್ರಾಮದ ಹೆಸರು, ನಮ್ಮ ಪಂಚಾಯತಿನ ನಕಾಶೆ, ನಮ್ಮ ತೋಡುಗಳು. ಎಲ್ಲ ಇಂಗ್ಲಿಷಿನಲ್ಲಿ. ನಾನು ಅಜ್ಜನ ಕಿವಿಯ ಹತ್ತಿರ ತಗ್ಗಿದ ಸ್ವರದಲ್ಲಿ ಹೇಳುತ್ತಾ ಹೋದೆ, ಮುಂದಿನ ಸಾಲಿನವರು ಎರಡು ಸಲ ತಿರುಗಿ ನೋಡಿದರು. ಉದ್ಘಾಟನೆ, ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷೀಯ, ಶಾಲು, ಸ್ಮರಣಿಕೆ ಎಲ್ಲ ಸೇರಿ ಹೊತ್ತು ಹೋಗಿತ್ತು, ಪ್ರಶ್ನೆಗೆ ಉಳಿದದ್ದು ಹತ್ತು ನಿಮಿಷ. ಅಜ್ಜ ಕೈ ಎತ್ತಿದರು, ಮೈಕ್ ಬಂತು, ಕನ್ನಡದಲ್ಲಿ ಶುರು ಮಾಡಿದರು. ನಿರೂಪಕರು 'ಇಂಗ್ಲಿಷ್ ಅಥವಾ ಮಲಯಾಳದಲ್ಲಿ ಕೇಳಿ, ಬೇಗ ಮುಗಿಸಿ' ಅಂದರು. ನಾನು ಎದ್ದು ಮೈಕಿಗೆ ಕೈ ಚಾಚುವುದರೊಳಗೆ ಅದು ಬೇರೆ ಸಾಲಿಗೆ ಹೋಗಿ ಆಗಿತ್ತು. ಮತ್ತೆ ಧನ್ಯವಾದ, ಚಾ.

ಅಜ್ಜ ಕೇಳಲು ಹೊರಟದ್ದು ಇದು: "ಜಿನೀವಾದಲ್ಲಿ ಈ ಮದ್ದು ಬೇಡ ಅಂತ ತೀರ್ಮಾನ ಮಾಡಿದರಲ್ಲ, ಸುರಿಯದೆ ಉಳಿದ ಡಬ್ಬಗಳನ್ನು ಎಂತ ಮಾಡಲಿಕ್ಕೆ ಹೇಳಿದ್ದಾರೆ? ಯಾರಾದರೂ ಮಣ್ಣಿನ ಅಡಿಗೆ ಹಾಕಿದ್ದರೆ ಅದನ್ನು ತೆಗೆಯಬೇಕಾದವರು ಯಾರು?"

ಆ ಸಭೆಯಲ್ಲಿ ಆ ದಿನದ ವಿಷಯಕ್ಕೆ ಇದಕ್ಕಿಂತ ನೇರವಾದ ಪ್ರಶ್ನೆ ಬೇರೆ ಬರಲಿಲ್ಲ. ಕೇಳಿದ ಒಬ್ಬರು ತಮ್ಮ ಪ್ರಬಂಧದ ಬಗ್ಗೆಯೇ ಹೇಳಿ ಕೂತರು.

ಹೊರಗಿನವರಿಗೆ ಹಿನ್ನೆಲೆ ಗೊತ್ತಿರಲಿ. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗುಡ್ಡಗಳ ಗೇರು ತೋಟಗಳ ಮೇಲೆ ಟೀ ಸೊಳ್ಳೆ ಎಂಬ ಕೀಟಕ್ಕೆಂದು ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡದ ಬುಡದಲ್ಲಿ ಮನೆ, ಶಾಲೆ, ಕುಡಿಯುವ ನೀರಿನ ಸುರಂಗ, ಬಾವಿ ಎಲ್ಲ ಇದ್ದವು. 1998ರಲ್ಲಿ ಪೆರಿಯದಲ್ಲಿದ್ದ ಕೃಷಿ ಇಲಾಖೆಯ ಲೀಲಾಕುಮಾರಿ ಅಮ್ಮ ಹೊಸದುರ್ಗದ (ಕಾಞಂಗಾಡಿನ) ಮುನ್ಸಿಫ್ ಕೋರ್ಟಿನ ಮೆಟ್ಟಿಲು ಹತ್ತಿದರು. 2000ದಲ್ಲಿ ಸಿಂಪಡಣೆಗೆ ತಡೆ ಸಿಕ್ಕಿತು. ಪಡ್ರೆಯಲ್ಲಿ ಡಾಕ್ಟರ್ ವೈ. ಎಸ್. ಮೋಹನ ಕುಮಾರ್ ಕಾಯಿಲೆಗಳ ಲೆಕ್ಕ ಇಟ್ಟರು, ಪತ್ರಕರ್ತ ಶ್ರೀ ಪಡ್ರೆಯವರು ಪತ್ರಿಕೆಗಳಲ್ಲಿ ಬರೆದರು. 2011ರ ಏಪ್ರಿಲಿನಲ್ಲಿ ಬೇಗ ನಾಶವಾಗದ ವಿಷ ರಾಸಾಯನಿಕಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಜಿನೀವಾದಲ್ಲಿ ಸೇರಿ ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ದೇಶದೊಳಗೆ ತಡೆ ಹಾಕಿತು. 2017ರ ಜನವರಿ 10ರಂದು, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕು ಎಂದು ಕೇರಳ ಸರಕಾರಕ್ಕೆ ಅದೇ ಕೋರ್ಟು ಆದೇಶ ಕೊಟ್ಟಿತು.

ಅಂದರೆ ಜಾಗತಿಕ ವಿದ್ಯಮಾನ ಎಂದು ಪೋಸ್ಟರಿನಲ್ಲಿ ಬರೆಯುವುದು ನಮಗೆ ದೂರದ ವಿಷಯ ಅಲ್ಲ. ನಮ್ಮ ಊರಿನ ಮಕ್ಕಳ ಫೋಟೋ, ನಮ್ಮ ನೀರು, ನಮ್ಮ ರಕ್ತದ ವರದಿ ಇಲ್ಲದೆ ಆ ಉಪನ್ಯಾಸ ನಿಲ್ಲುವುದೇ ಇಲ್ಲ. ಹಾಗಿರುವಾಗ ಪ್ರಶ್ನೆ ಕೇಳುವ ಎರಡು ನಿಮಿಷ ನಮಗೆ ಬೇಕು. ದಾರಿ ತಿಳಿಸಿ.


ಪಯಸ್ವಿನಿ, ಪೆರಿಯ

ಅಕ್ಕ, ನನ್ನ ಮನೆ ಬೆಳ್ಳೂರು ಕಡೆ. ಈಗ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಾ ಇದ್ದೇನೆ, ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗದಲ್ಲಿ. ಮೊದಲು ಅಜ್ಜನ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ಅದಕ್ಕೆ ಉತ್ತರ ಉಂಟು.

ಸ್ಟಾಕ್‌ಹೋಮ್ ಒಪ್ಪಂದದ 6ನೇ ವಿಧಿ ಪೂರ್ತಿ ಇದೇ ವಿಷಯ. ಪಟ್ಟಿಗೆ ಸೇರಿದ ರಾಸಾಯನಿಕದ ಉಳಿದ ದಾಸ್ತಾನು ಎಲ್ಲೆಲ್ಲಿ ಉಂಟು ಎಂದು ದೇಶ ಗುರುತಿಸಬೇಕು, ಸೋರದ ಹಾಗೆ ಕಾಪಾಡಬೇಕು, ವಿಲೇವಾರಿ ಮಾಡುವಾಗ ಅದರ ವಿಷಗುಣ ನಾಶವಾಗುವ ಅಥವಾ ಮತ್ತೆ ಹಿಂದಿನ ರೂಪಕ್ಕೆ ಬಾರದಂತೆ ಬದಲಾಗುವ ವಿಧಾನದಲ್ಲೇ ಮಾಡಬೇಕು. ವಿಷ ಸೇರಿದ ಜಾಗಗಳನ್ನು ಪತ್ತೆ ಮಾಡಲು ಪ್ರಯತ್ನಿಸಬೇಕು ಎಂದೂ ಅದರಲ್ಲಿ ಉಂಟು. ಗುಂಡಿ ತೋಡಿ ಹೂಳುವುದು ಈ ಮಾತಿಗೆ ಹೊಂದುವುದಿಲ್ಲ.

ಆದರೆ ಇಲ್ಲಿ ಒಂದು ಗಂಟು ಉಂಟು. ಭಾರತ 2006ರಲ್ಲಿ ಈ ಒಪ್ಪಂದಕ್ಕೆ ಸೇರುವಾಗಲೇ, ಮುಂದೆ ಪಟ್ಟಿಗೆ ಸೇರುವ ಪ್ರತಿಯೊಂದು ರಾಸಾಯನಿಕವೂ ತಾನು ಬೇರೆಯಾಗಿ ಅನುಮೋದಿಸಿದ ಮೇಲೆಯೇ ತನಗೆ ಅನ್ವಯ ಎಂಬ ಷರತ್ತು ಇಟ್ಟಿತ್ತು. ಜಿನೀವಾದಲ್ಲಿ ತೀರ್ಮಾನ ಆದ ಕೂಡಲೇ ಎಲ್ಲ ದೇಶವೂ ಕಟ್ಟುಬಿದ್ದಿತು ಎಂದು ತಿಳಿಯುವುದು ಹಾಗಾಗಿ ಸರಿಯಲ್ಲ. ಅಜ್ಜನ ಎರಡನೇ ಪ್ರಶ್ನೆ, ತೆಗೆಯಬೇಕಾದವರು ಯಾರು ಎಂಬುದಕ್ಕೆ, ಒಪ್ಪಂದದ ಜೊತೆಗೆ ನಮ್ಮ ಕೋರ್ಟುಗಳ ಆದೇಶಗಳನ್ನೂ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳನ್ನೂ ಓದಬೇಕು. ಗೋದಾಮುಗಳಲ್ಲಿದ್ದ ದಾಸ್ತಾನನ್ನು 2012ರಲ್ಲಿ ಹೊಸ ಬ್ಯಾರಲ್ಲುಗಳಿಗೆ ವರ್ಗಾಯಿಸಿದ್ದರು. ನಮ್ಮ ಕಡೆಯ ಮಿಂಚಿನಪದವಿನ ಪಾಳುಬಾವಿಗೆ ಎಂಡೋಸಲ್ಫಾನ್ ಹಾಕಿದ್ದಾರೆ ಎಂಬ ದೂರು ಹಸಿರು ನ್ಯಾಯಮಂಡಳಿಯ ವರೆಗೆ ಹೋಗಿದೆ. ಆ ಸಭಾಂಗಣದಲ್ಲಿ ಅಜ್ಜನಿಗೆ ಎರಡು ನಿಮಿಷ ಸಿಕ್ಕಿದ್ದರೆ ಇಷ್ಟೂ ವಿಷಯ ಎಲ್ಲರ ಎದುರು ಬರುತ್ತಿತ್ತು. ವಿದ್ಯಾರ್ಥಿಯಾಗಿ ನನಗೆ ಅದೇ ಬೇಸರ.

ಇನ್ನು ದಾರಿಯ ವಿಷಯ. ಪೋಸ್ಟರಿನಲ್ಲಿ ಕಾಣುವ ದೊಡ್ಡ ಹೆಸರುಗಳಿಗೆ ಬರೆಯಬೇಡಿ. ಉಪನ್ಯಾಸ ನಡೆಸುವುದು ವಿಭಾಗ, ಕೆಳಗೆ ಸಂಯೋಜಕರು ಎಂದು ಒಬ್ಬರ ಹೆಸರಿರುತ್ತದೆ, ಕೆಲಸ ಮಾಡುವುದು ಅವರೇ. ಒಂದು ವಾರ ಮೊದಲು ಅವರಿಗೆ ಈಮೇಲ್ ಹಾಕಿ: ನಾವು ಇಂಥ ಊರಿನಿಂದ ಇಷ್ಟು ಜನ ಬರುತ್ತೇವೆ, ನಮ್ಮ ಪ್ರಶ್ನೆ ಇದು, ಕನ್ನಡದಲ್ಲಿ ಕೇಳುತ್ತೇವೆ, ಅನುವಾದಕ್ಕೆ ಜನ ನಮ್ಮದೇ, ಎರಡು ನಿಮಿಷ ಕೊಡಿ. ಪ್ರಶ್ನೆಯನ್ನು ಪತ್ರದಲ್ಲೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಕಳಿಸಿದರೆ ಭಾಷಣಕಾರರ ಕೈಗೆ ಮೊದಲೇ ಹೋಗುತ್ತದೆ. ಬರುವವರಿಗೂ ಅದು ಬೇಕು. ಊರಿನ ಅನುಭವದಿಂದ ಬಂದ ಪ್ರಶ್ನೆ ಎಂದರೆ ಅಧ್ಯಾಪಕರು ಮನಸ್ಸಿಟ್ಟು ತಯಾರಾಗುತ್ತಾರೆ, ನಾನು ನೋಡಿದ್ದೇನೆ.

ಲೈಬ್ರರಿಗೆ ಕರೆಸುವುದೂ ಕಷ್ಟ ಇಲ್ಲ. ಪಾಠ, ಸಂಶೋಧನೆಯ ಹಾಗೆಯೇ ವಿಸ್ತರಣೆ, ಅಂದರೆ ಊರಿನವರ ನಡುವೆ ಹೋಗಿ ಮಾಡುವ ಕೆಲಸ ಕೂಡ ವಿಶ್ವವಿದ್ಯಾಲಯದ್ದೇ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 1977ರಲ್ಲೇ ಹೇಳಿದೆ. ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದಲ್ಲಿ ಊರಿನಲ್ಲಿ ನಡೆಸಿದ ಕಾರ್ಯಕ್ರಮಗಳ ದಾಖಲೆಯೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಲೈಬ್ರರಿಯ ಲೆಟರ್‌ಹೆಡ್ಡಿನಲ್ಲಿ ಆಹ್ವಾನ ಪತ್ರ, ಕಾರ್ಯಕ್ರಮ ಆದ ಮೇಲೆ ಒಂದು ವರದಿ, ಫೋಟೋ ಕೊಟ್ಟರೆ ವಿಭಾಗಕ್ಕೂ ಉಪಕಾರ. ಪತ್ರದಲ್ಲಿ 'ವಿಸ್ತರಣಾ ಚಟುವಟಿಕೆಯಾಗಿ' ಎಂಬ ಪದ ಹಾಕಲು ಮರೆಯಬೇಡಿ.

ಪೆರಿಯಕ್ಕೆ ಬರುವುದಿದ್ದರೆ ಕಾಸರಗೋಡು ಪೇಟೆಗೆ ಹೋಗುವ ಅಗತ್ಯ ಇಲ್ಲ. ಪೆರ್ಲ, ಬದಿಯಡ್ಕ ಬಸ್ಸಿನಲ್ಲಿ ಚೆರ್ಕಳದಲ್ಲೇ ಇಳಿದು ಹೈವೇಯಲ್ಲಿ ಹೋಗುವ ಕಾಞಂಗಾಡು ಬಸ್ಸು ಹತ್ತಿ. ಪೇಟೆಯಿಂದ ಹೊರಡುವುದಾದರೆ ಚಂದ್ರಗಿರಿ ಸೇತುವೆ ದಾಟಿ ಉದುಮ, ಬೇಕಲ ದಾರಿಯಲ್ಲಿ ಹೋಗುವ ಬಸ್ಸು ಹತ್ತಬೇಡಿ, ಅದು ಪೆರಿಯ ಮುಟ್ಟುವುದಿಲ್ಲ.


ಅಡಿಕೆ ತೋಟ, ಬದಿಯಡ್ಕ

ಅಕ್ಕಾ, ನಿಮ್ಮ ಮನಸ್ಸು ದೊಡ್ಡದು, ಒಪ್ಪುತ್ತೇನೆ. ಆದರೂ ನನಗೆ ಇದು ಮನಸ್ಸಿಗೆ ಹಿಡಿಯುವುದಿಲ್ಲ. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಇವತ್ತಿಗೂ ದೊಡ್ಡ ಕಾಯಿಲೆ ಬಂದರೆ ನಾವು ಓಡುವುದು ಮಂಗಳೂರಿಗೆ. 2020ರ ಮಾರ್ಚಿನಲ್ಲಿ ಕೊರೋನಾ ಎಂದು ಕರ್ನಾಟಕದವರು ತಲಪಾಡಿ ಗಡಿಯಲ್ಲಿ ದಾರಿ ಮುಚ್ಚಿದಾಗ ಆಂಬುಲೆನ್ಸಿನಲ್ಲೇ ಜೀವ ಬಿಟ್ಟವರಿದ್ದಾರೆ. ನಮ್ಮ ಊರಿಗೆ ಬೇಕಾದದ್ದು ಡಾಕ್ಟರು, ಮಕ್ಕಳಿಗೆ ಕನ್ನಡ ಗೊತ್ತಿರುವ ಟೀಚರು. ಪ್ಯಾಲೆಸ್ತೀನ್, ಉಕ್ರೇನ್ ಎಂದು ಪ್ರೊಫೆಸರ್ ಬಂದು ಮಾತಾಡಿ ಹೋದರೆ ನಮಗೆ ಎಂತ ಸಿಕ್ಕಿತು? ದಿನವಿಡೀ ತೋಟದಲ್ಲಿ ದುಡಿದವನಿಗೆ ಸಂಜೆ ಕೂತು ಕೇಳಲಿಕ್ಕೆ ತಾಳ್ಮೆ ಇರುವುದಿಲ್ಲ. ಕೇಳಿದರೂ ನಾಳೆ ಬೆಳಗ್ಗೆ ಅದರಿಂದ ಆಗುವ ಕೆಲಸ ಎಂತ ಎಂದು ಯಾರಾದರೂ ಹೇಳಿ, ಆಗ ನಾನೂ ಬರುತ್ತೇನೆ.


ಹಳೆ ಮಾಸ್ಟ್ರು, ಮೀಯಪದವು

ಅಡಿಕೆ ತೋಟದವರ ಮಾತು ಹಗುರ ಮಾಡುವಂಥದ್ದಲ್ಲ, ಮೊದಲು ಅವರಿಗೇ ಹೇಳುತ್ತೇನೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವ ನಾನು. ನಿಮ್ಮ ತೋಟದ ಅಡಿಕೆಗೆ ಧಾರಣೆ ಯಾಕೆ ಏರುತ್ತದೆ, ಯಾಕೆ ಇಳಿಯುತ್ತದೆ? 2023ರ ಫೆಬ್ರವರಿಯಲ್ಲಿ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದು ದೆಹಲಿಯಲ್ಲಿ. ಆಗ್ನೇಯ ಏಷ್ಯಾದ ದೇಶಗಳ ಜೊತೆ ಸರಕಿನ ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದು 2009ರಲ್ಲಿ. ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರದಿ ಪ್ರಕಟಿಸಿದ್ದು 2004ರಲ್ಲಿ. ಈ ಮೂರನ್ನೂ ತಿಳಿದವರು ಬಂದು ನಿಮ್ಮ ಎದುರು ಕೂತರೆ ನೀವು ಪ್ರಶ್ನೆ ಕೇಳದೆ ಬಿಡುವುದಿಲ್ಲ. ನಾಳೆ ಬೆಳಗ್ಗೆ ಮಾಡುವ ಕೆಲಸವೂ ಅದರಲ್ಲಿ ಉಂಟು: ಅಹವಾಲು ಬರೆಯುವಾಗ ಯಾರಿಗೆ, ಯಾವ ಆದೇಶದ ಬಗ್ಗೆ ಬರೆಯಬೇಕು ಎಂಬುದು ಗೊತ್ತಾಗುತ್ತದೆ. ಗಡಿ ಮುಚ್ಚಿದ ವಿಷಯವೂ ಹಾಗೆಯೇ. ಒಂದು ರಾಜ್ಯ ಹೆದ್ದಾರಿಗೆ ಮಣ್ಣು ಹಾಕಿ ಇನ್ನೊಂದು ರಾಜ್ಯದ ರೋಗಿಯನ್ನು ತಡೆಯಬಹುದಾ ಎಂಬುದು ಸಂವಿಧಾನದ ಪ್ರಶ್ನೆ. ಅದರ ಬಗ್ಗೆ ಕಾನೂನು ಗೊತ್ತಿರುವವರಿಂದ ಒಂದು ಉಪನ್ಯಾಸ ನಮ್ಮ ಊರುಗಳಲ್ಲಿ ಆಗಲೇಬೇಕಿತ್ತು.

ಈಗ ಲೈಬ್ರರಿಯವರಿಗೆ. ನೀವು ಕೇಳುತ್ತಿರುವುದು ಹೊಸ ಸಂಗತಿ ಎಂದು ಯಾರೂ ಹೇಳದಿರಲಿ. ಮೈಸೂರು ವಿಶ್ವವಿದ್ಯಾನಿಲಯ 1930ರ ದಶಕದಲ್ಲೇ ಪ್ರಚಾರೋಪನ್ಯಾಸ ಎಂದು ಶುರು ಮಾಡಿತ್ತು. ಪ್ರಾಧ್ಯಾಪಕರು ಊರೂರಿಗೆ ಹೋಗಿ, ವಿಜ್ಞಾನ, ಆರೋಗ್ಯ, ಅರ್ಥಶಾಸ್ತ್ರ, ಚರಿತ್ರೆಗಳನ್ನು ಕನ್ನಡದಲ್ಲಿ ಹೇಳಬೇಕು. ಹೇಳಿದ್ದು ಆಮೇಲೆ ಸಣ್ಣ ಪುಸ್ತಕವಾಗಿ ಅಗ್ಗದ ಬೆಲೆಗೆ ಬರಬೇಕು. ಕುವೆಂಪು ಅಲ್ಲಿ ಕುಲಪತಿಗಳಾಗಿದ್ದ 1956ರಿಂದ 60ರ ಅವಧಿಯಲ್ಲಿ ಇಂಥ ಉಪನ್ಯಾಸ, ಪುಸ್ತಕಗಳನ್ನು ನೋಡಿಕೊಳ್ಳುವ ಪ್ರಸಾರಾಂಗದ ಕೆಲಸಕ್ಕೆ ಇನ್ನಷ್ಟು ಬಲ ಬಂತು. ನನ್ನ ತಂದೆಯವರ ಕಪಾಟಿನಲ್ಲಿ ಅಂಥ ಕೈಯಗಲದ ಪುಸ್ತಕಗಳಿದ್ದವು. ಪೀಠಿಕೆ ಇಲ್ಲ, ಅಡಿಟಿಪ್ಪಣಿ ಇಲ್ಲ, ನೇರ ಮಾತು. ಹಳ್ಳಿಯ ಜನರ ಎದುರು ನಿಂತು ಮಾತಾಡಿದ್ದರಿಂದಲೇ ಆ ಬರಹಕ್ಕೆ ಆ ತಿಳಿತನ ಬಂದದ್ದು.

ಇಂಗ್ಲೆಂಡಿನದೂ ಒಂದು ಹೇಳುತ್ತೇನೆ. ಲಂಡನಿನ ಗ್ರೆಷಮ್ ಕಾಲೇಜು 1597ರಿಂದ ಊರಿನವರಿಗೆ ಉಚಿತ ಉಪನ್ಯಾಸ ಕೊಡುತ್ತಾ ಬಂದಿದೆ. ಪಂಡಿತರ ಭಾಷೆ ಲ್ಯಾಟಿನ್ ಆಗಿದ್ದ ಆ ಕಾಲದಲ್ಲಿ ಅಲ್ಲಿನ ಉಪನ್ಯಾಸ ಲ್ಯಾಟಿನಿನಲ್ಲೂ ಇಂಗ್ಲಿಷಿನಲ್ಲೂ ಎರಡು ಸಲ ನಡೆಯುತ್ತಿತ್ತು. ಪೇಟೆಯ ವ್ಯಾಪಾರಿಗೂ ಹಡಗಿನವನಿಗೂ ತಿಳಿಯಬೇಕಲ್ಲ. ನಾನೂರು ವರ್ಷಗಳ ಹಿಂದೆ ಅಲ್ಲಿ ಆದದ್ದು ಈಗ ಇಲ್ಲಿ ಯಾಕೆ ಆಗಬಾರದು?

ಕಾನೂನಿನ ಬಲ ಎಷ್ಟು ಎಂದು ಸ್ಪಷ್ಟ ಇರಲಿ. 1969ರ ಕೇರಳದ ಅಧಿಕೃತ ಭಾಷಾ ಕಾಯಿದೆಯಂತೆ ನಮ್ಮ ಕನ್ನಡದವರು ಸರಕಾರಕ್ಕೆ, ಇಲ್ಲಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಸಂವಿಧಾನದ 350ಬಿ ವಿಧಿಯಲ್ಲಿ ಭಾಷಾ ಅಲ್ಪಸಂಖ್ಯಾತರಿಗಾಗಿ ಕೇಂದ್ರದ ಒಬ್ಬ ವಿಶೇಷಾಧಿಕಾರಿ ಇರಬೇಕು ಎಂದು ಉಂಟು. ಆದರೆ ವಿಶ್ವವಿದ್ಯಾಲಯದ ಉಪನ್ಯಾಸಕ್ಕೆ ಇದು ಯಾವುದೂ ನೇರವಾಗಿ ತಾಗುವುದಿಲ್ಲ. ಅಲ್ಲಿ ಕಾಯಿದೆ ಎತ್ತಿದರೆ ಬಾಗಿಲು ಮುಚ್ಚುತ್ತದೆ. ಪ್ರಶ್ನೆ ಎತ್ತಿ, ಬಾಗಿಲು ತೆರೆಯುತ್ತದೆ. ಪಯಸ್ವಿನಿಯವರು ಹೇಳಿದ ದಾರಿಯೇ ಸರಿ.

ನಡೆಸುವ ಕ್ರಮದ ಬಗ್ಗೆ ನನ್ನದು ಸ್ವಲ್ಪ ಹಟ. ವೇದಿಕೆ ಬೇಡ. ಎಲ್ಲರೂ ಸುತ್ತ ಕೂರಬೇಕು, ಬಂದವರೂ ಅದೇ ಬೆಂಚಿನಲ್ಲಿ. ಶಾಲು, ಹಾರ, ಸ್ಮರಣಿಕೆ ಬೇಡ, ಆ ದುಡ್ಡಿನಲ್ಲಿ ಲೈಬ್ರರಿಗೆ ಒಂದು ಪುಸ್ತಕ ತನ್ನಿ. ಮಾತು ಅರ್ಧ ಗಂಟೆ, ಪ್ರಶ್ನೆ ಒಂದು ಗಂಟೆ. ಹೆಂಗಸರು ಎದ್ದು ನಿಂತು ಕೇಳಲು ಹಿಂಜರಿದರೆ ಚೀಟಿಯಲ್ಲಿ ಬರೆದು ಕೊಡಲಿ. ಕುಟುಂಬಶ್ರೀ ಮಹಿಳಾ ಸಂಘದವರಿಗೆ ವಾರ ಮೊದಲೇ ವಿಷಯ ತಿಳಿಸಿದರೆ ಅವರ ಕೂಟದಲ್ಲೇ ಚರ್ಚೆಯಾಗಿ ಒಳ್ಳೆಯ ಪ್ರಶ್ನೆಗಳು ಬರುತ್ತವೆ. ಮತ್ತೊಂದು ಮುಖ್ಯ: ಆ ದಿನ ಉತ್ತರ ಸಿಗದ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಬಂದವರ ಕೈಯಲ್ಲಿ ಒಂದು ಪ್ರತಿ ಕೊಟ್ಟು ಕಳಿಸಿ, ತಿಂಗಳೊಳಗೆ ಬರೆದು ತಿಳಿಸಿ ಎಂದು ಕೇಳಿ. ತಿಳಿಸುತ್ತಾರೆ.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2001ರಲ್ಲಿ ಪಡ್ರೆಯ ಶಾಲೆಯ ಮಕ್ಕಳನ್ನು ಪರೀಕ್ಷಿಸಿದಾಗ ಹೋಲಿಕೆಗೆ ಆರಿಸಿದ್ದು ನಮ್ಮ ಮೀಂಜ ಪಂಚಾಯತಿನ ಶಾಲೆಯ ಮಕ್ಕಳನ್ನು. ಎರಡೂ ಕಡೆಯ ಮಕ್ಕಳ ರಕ್ತ ಹೋಯಿತು, ವರದಿ ಆಯಿತು, ಪ್ರಪಂಚದ ಸಭೆಗಳಲ್ಲಿ ಅದನ್ನು ಓದಿದರು. ಕೊಟ್ಟ ಊರಿಗೆ ಆ ತಿಳಿವಳಿಕೆ ತಿರುಗಿ ಬರಬೇಕು ಎಂದು ಕೇಳುವುದು ಬೇಡಿಕೆಯಲ್ಲ, ಬಾಕಿ ವಸೂಲಿ.


ಜತ್ತದಂವ, ಸಾಂಗ್ಲಿ ಜಿಲ್ಲೆ

ಅಕ್ಕಾರ, ನಮ್ಮ ಕಡೇನೂ ಇದ ಪರಿಸ್ಥಿತಿ. ಶಾಲಿ ಕನ್ನಡ, ಕಚೇರಿ ಮರಾಠಿ. ನಮ್ಮೂರಾಗ ನೀರಾವರಿ ಬಗ್ಗೆ ಮಾತಾಡಾಕ ಪ್ರಾಧ್ಯಾಪಕರು ಬಂದಾಗ ನಾನು ಮರಾಠಿಯಿಂದ ಕನ್ನಡಕ್ಕ ಹೇಳೂ ಕೆಲಸ ಮಾಡೀನಿ. ಅದಕ್ಕ ಎರಡ ಮಾತು.

ಪೂರ್ತಿ ಭಾಷಣ ಮುಗದ ಮ್ಯಾಲೆ ಸಾರಾಂಶ ಹೇಳ್ತೀನಿ ಅನ್ನಬ್ಯಾಡ್ರಿ, ಅಷ್ಟೊತ್ತಿಗೆ ಮಂದಿ ಎದ್ದು ಹೋಗಿರ್ತಾರ. ಮೂರು ನಾಕು ವಾಕ್ಯಕ್ಕ ಒಮ್ಮೆ ನಿಲ್ಲಸ್ರಿ ಅಂತ ಬಂದವರಿಗೆ ಮೊದಲ ಹೇಳ್ರಿ. ಅನುವಾದ ಮಾಡಾಂವ ಅವರ ಬಾಜೂಕ ಕೂಡಬೇಕು, ದೂರ ಮೈಕ್ ಮುಂದ ಅಲ್ಲ. ಅಂಕಿಸಂಖ್ಯಾ, ಕಾಯ್ದೆ ಹೆಸರು, ಊರ ಹೆಸರು ಹಿಂದಿನ ದಿನಾನ ಬರೆಸಿಕೊಂಡು ಹಲಗಿ ಮ್ಯಾಲೆ ಬರದು ಇಡ್ರಿ. ಮತ್ತ ಪ್ರಶ್ನಿ ಕೇಳಾಂವ ಸಿಟ್ಟಿಲೆ ಕೇಳಿದ್ರ ಆ ಸಿಟ್ಟೂ ಅನುವಾದದಾಗ ಬರಬೇಕು. ನಯ ಮಾಡಿ ಹೇಳಿದ್ರ ಬಂದವರಿಗೆ ನಮ್ಮ ತ್ರಾಸ ತಿಳಿಯಂಗಿಲ್ಲ. ಇದು ನಾ ಕಲತದ್ದು.


ಗೇರುಗುಡ್ಡೆ, ಪೆರ್ಲ

ಎಲ್ಲರಿಗೂ ತುಂಬಾ ಉಪಕಾರ ಆಯಿತು. ನಿನ್ನೆ ಸಂಜೆ ಪಯಸ್ವಿನಿಯವರು ಬರೆದದ್ದನ್ನು ಅಜ್ಜನಿಗೆ ಓದಿ ಹೇಳಿದೆ. 6ನೇ ವಿಧಿಯ ಭಾಗ ಎರಡು ಸಲ ಓದಿಸಿದರು. ಭಾರತ ಇಟ್ಟ ಷರತ್ತಿನ ವಿಷಯ ಬಂದಾಗ, "ಹಾಗಾದರೆ ಎಂಡೋಸಲ್ಫಾನಿಗೆ ಬೇರೆಯಾಗಿ ಒಪ್ಪಿಗೆ ಕೊಟ್ಟಿದ್ದಾರಾ ಇಲ್ಲವಾ, ಅದನ್ನು ದೆಹಲಿಗೆ ಬರೆದು ಕೇಳಬೇಕು" ಎಂದರು. ಮಾಹಿತಿ ಹಕ್ಕಿನ ಅರ್ಜಿ ಬರೆಯುತ್ತಾ ಇದ್ದೇವೆ. ಅಡಿಕೆ ತೋಟದವರು ಕೇಳಿದ 'ನಾಳೆ ಬೆಳಗ್ಗೆ ಆಗುವ ಕೆಲಸ' ಎಂದರೆ ಇಂಥದ್ದು ಎಂದು ನನಗೆ ಕಾಣುತ್ತದೆ. ಅಣ್ಣಾ, ಡಾಕ್ಟರಿಲ್ಲದ ಸಂಕಟ ನಮ್ಮ ಮನೆಯಲ್ಲೂ ಉಂಟು. ಎಂಡೋಸಲ್ಫಾನ್ ವಿಷಯದಲ್ಲಿ ನಮಗೆ ಸಿಕ್ಕಿದ ಅಷ್ಟಿಷ್ಟು ಚಿಕಿತ್ಸೆ, ಪೆನ್ಶನ್, ಪರಿಹಾರ ಯಾವುದೂ ತಾನಾಗಿ ಬಂದದ್ದಲ್ಲ. ಒಬ್ಬರು ವಿಷಯ ಓದಿ ತಿಳಿದುಕೊಂಡರು, ಇನ್ನೊಬ್ಬರು ಅದನ್ನು ಹಿಡಿದು ಕೋರ್ಟಿಗೆ ಹೋದರು, ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟರಿಯೇಟಿನ ಎದುರು ಕೂತರು. ನೀವು ಬಂದು ಧಾರಣೆಯ ಪ್ರಶ್ನೆ ಕೇಳಬೇಕು, ಆ ದಿನದ ಮೊದಲ ಪ್ರಶ್ನೆ ನಿಮ್ಮದೇ ಇರಲಿ.

ನಮ್ಮ ಸಮಿತಿಯ ಇಬ್ಬರಿಗೆ ರಾಜಕೀಯದ ಮಾತು ಲೈಬ್ರರಿಯೊಳಗೆ ಬಂದರೆ ಜಗಳ ಆದೀತು ಎಂಬ ಹೆದರಿಕೆ ಉಂಟು. ಎಲ್ಲ ಪಕ್ಷದವರೂ ಪೇಪರು ಓದಲು ಬರುವ ಜಾಗ ಅದು, ಹೆದರಿಕೆ ಸುಳ್ಳಲ್ಲ. ಅದಕ್ಕೆ ಮೊದಲ ಎರಡು ವಿಷಯ ಎಲ್ಲರಿಗೂ ತಾಗುವಂಥದ್ದೇ ಇಡುತ್ತೇನೆ: ಉಳಿದ ವಿಷದ ಜವಾಬ್ದಾರಿ, ಅಡಿಕೆ ಆಮದು. ಗಡಿ ಮುಚ್ಚಿದ ವಿಷಯ ಮೂರನೆಯದು. ಕೊರಗ ಕಾಲನಿಯ ಹುಡುಗಿಯೊಬ್ಬಳು, ಡಿಗ್ರಿ ಓದುತ್ತಿರುವವಳು, ಮೀಸಲಾತಿಯ ಬಗ್ಗೆ ಒಂದು ಇಡಿ, ನಾನೇ ಪ್ರಶ್ನೆ ತಯಾರು ಮಾಡುತ್ತೇನೆ ಎಂದಳು. ಅದನ್ನೂ ಸೇರಿಸಿದ್ದೇನೆ.

ಪತ್ರ ಹೀಗೆ ಬರೆದಿದ್ದೇನೆ, ನೋಡಿ ತಿದ್ದಿ:

"ಮಾನ್ಯರೇ, ನಮ್ಮ ಗ್ರಂಥಾಲಯದಲ್ಲಿ ವಿಸ್ತರಣಾ ಚಟುವಟಿಕೆಯಾಗಿ ಒಂದು ಉಪನ್ಯಾಸ ನಡೆಸಿಕೊಡಬೇಕೆಂದು ವಿನಂತಿ. ವಿಷಯ: ನಿಷೇಧಿತ ಕೀಟನಾಶಕಗಳ ಉಳಿದ ದಾಸ್ತಾನು, ಅಂತರರಾಷ್ಟ್ರೀಯ ಒಪ್ಪಂದ ಮತ್ತು ನಮ್ಮ ಊರು. ತಾವು ಇಂಗ್ಲಿಷ್ ಅಥವಾ ಮಲಯಾಳದಲ್ಲಿ ಮಾತಾಡಬಹುದು, ಕನ್ನಡಕ್ಕೆ ಅನುವಾದದ ವ್ಯವಸ್ಥೆ ನಮ್ಮದು. ಮಾತು ಅರ್ಧ ಗಂಟೆ, ಪ್ರಶ್ನೋತ್ತರ ಒಂದು ಗಂಟೆ. ಊರಿನವರ ಪ್ರಶ್ನೆಗಳನ್ನು ಇದರೊಂದಿಗೆ ಲಗತ್ತಿಸಿದ್ದೇವೆ. ಸಭಾ ಕಾರ್ಯಕ್ರಮ ಇರುವುದಿಲ್ಲ. ಚೆರ್ಕಳದಿಂದ ಕರೆತರಲು ನಮ್ಮವರು ಬರುತ್ತಾರೆ, ರಾತ್ರಿ ಊಟ ನಮ್ಮಲ್ಲೇ."

ಇನ್ನೊಂದು ಸಂದೇಹ. ಪ್ರಶ್ನೆಗಳಲ್ಲಿ ಎರಡು ಸ್ವಲ್ಪ ಖಾರವಾಗಿವೆ. ಲಗತ್ತಿನಲ್ಲಿ ಹಾಗೆಯೇ ಇಡುವುದಾ?


ಪಯಸ್ವಿನಿ, ಪೆರಿಯ

ಖಾರ ಹಾಗೆಯೇ ಇರಲಿ ಅಕ್ಕ, ಜತ್ತದವರು ಹೇಳಿದ್ದು ನೂರಕ್ಕೆ ನೂರು ಸರಿ. ಪತ್ರದಲ್ಲಿ ಎರಡೇ ತಿದ್ದುಪಡಿ. ದಿನಾಂಕ ನೀವೇ ಮೂರು ಕೊಡಿ, ಮೂರೂ ಶನಿವಾರ ಆಗಲಿ. ಒಂದೇ ಕೊಟ್ಟರೆ ಆ ದಿನ ಬಿಡುವಿಲ್ಲ ಎಂಬಲ್ಲಿಗೆ ಮುಗಿಯುತ್ತದೆ. ಪರೀಕ್ಷೆಯ ತಿಂಗಳು ಬಿಟ್ಟು ಕೊಡಿ. ಮತ್ತೆ, ಕರೆಂಟು ಹೋದರೆ ಪ್ರೊಜೆಕ್ಟರ್ ನಡೆಯುವುದಿಲ್ಲ ಎಂದು ಪತ್ರದಲ್ಲೇ ಬರೆಯಿರಿ. ನಕಾಶೆಯನ್ನು ಕಾಗದದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ನಾನು ತರುತ್ತೇನೆ.

ಅನುವಾದಕ್ಕೆ ನಾನೂ ಬರುತ್ತೇನೆ. ಒಬ್ಬರಿಂದ ಒಂದೂವರೆ ಗಂಟೆ ಆಗುವುದಿಲ್ಲ, ವಿದ್ಯಾನಗರದ ಸರಕಾರಿ ಕಾಲೇಜಿನಲ್ಲಿ ಕನ್ನಡ ಓದುವ ನನ್ನ ಗೆಳತಿಯನ್ನು ಕೇಳಿದ್ದೇನೆ, ಒಪ್ಪಿದ್ದಾಳೆ. ಹಿಂದಿನ ಶನಿವಾರ ನಿಮ್ಮಲ್ಲಿಗೆ ಬಂದು ಅಜ್ಜನ ಜೊತೆ ಕೂತು ಪ್ರಶ್ನೆಗಳನ್ನು ಒಮ್ಮೆ ಓದುತ್ತೇವೆ. ಲೈಬ್ರರಿ ಎಷ್ಟು ಗಂಟೆಗೆ ತೆರೆಯುತ್ತದೆ, ಹೇಳಿ.